ಹಣ್ಣುನೊಣದ ಜೀವಕೋಶ ಸಂಕೇತಪಥಗಳು ಮತ್ತು ಪ್ರೋಟೀನ್ ಕೈನೇಸ್ ನಿಯಂತ್ರಣ: ಮೈಸೂರು-ಬೆಂಗಳೂರು ಸಂಶೋಧನ ಪರಂಪರೆಯ ಐತಿಹಾಸಿಕ ವಿವೇಚನೆ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳು ಕರ್ನಾಟಕದ ಇತಿಹಾಸ ಸಂಶೋಧಕರಿಗೆ ಚಿರಪರಿಚಿತವಾದ ಪ್ರದೇಶಗಳು. ಶ್ರೀರಂಗಪಟ್ಟಣದ ಕೋಟೆ, ಮೇಲುಕೋಟೆಯ ಶ್ರೀವೈಷ್ಣವ ಪರಂಪರೆ, ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯ, ಕಂಬದಹಳ್ಳಿಯ ಜೈನ ಬಸದಿಗಳು, ನಾಗಮಂಗಲದ ಸೌಮ್ಯಕೇಶವ ದೇವಾಲಯ ಇವುಗಳ ಬಗೆಗೆ ಸಾಕಷ್ಟು ಬರೆಯಲಾಗಿದೆ. ಬಿ.ಎಲ್. ರೈಸ್ ಅವರು 19ನೆಯ ಶತಮಾನದ ಕೊನೆಯ ದಶಕದಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಸಂಪುಟಗಳಲ್ಲಿ ಈ ಪ್ರದೇಶದ ಶಾಸನಗಳು ಮೊದಲ ಬಾರಿಗೆ ಕ್ರಮಬದ್ಧವಾಗಿ ಬೆಳಕು ಕಂಡವು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು ಈ ಸಂಪುಟಗಳನ್ನು ಪರಿಷ್ಕರಿಸಿದಾಗ ಕೃಷ್ಣರಾಜಪೇಟೆ, ಪಾಂಡವಪುರ ಹಾಗೂ ಶ್ರೀರಂಗಪಟ್ಟಣ ತಾಲ್ಲೂಕುಗಳ ಶಾಸನಗಳು ಆರನೆಯ ಸಂಪುಟದಲ್ಲಿಯೂ (1977), ನಾಗಮಂಗಲದವು ಏಳನೆಯ ಸಂಪುಟದಲ್ಲಿಯೂ (1979) ಸೇರಿದವು.

ಈ ಶಾಸನ ಸಂಪುಟಗಳು ಸಿದ್ಧವಾಗುತ್ತಿದ್ದ ಕಾಲದಲ್ಲಿಯೇ, ಅದೇ ಮಾನಸಗಂಗೋತ್ರಿಯ ಆವರಣದಲ್ಲಿ, ಪ್ರಾಣಿಶಾಸ್ತ್ರ ವಿಭಾಗದ ವಿದ್ವಾಂಸರು ಮತ್ತೊಂದು ಬಗೆಯ ದಾಖಲೆಯನ್ನು ಓದುವ ಕಾರ್ಯದಲ್ಲಿ ತೊಡಗಿದ್ದರು. ಅದು ಡ್ರೊಸೊಫಿಲ ಎಂಬ ಸಣ್ಣ ನೊಣದ ವರ್ಣತಂತುಗಳ ಅಧ್ಯಯನ. ಶಾಸನಶಾಸ್ತ್ರದ ಇತಿಹಾಸವನ್ನು ಬರೆಯಲಾಗಿದೆ. ಈ ಎರಡನೆಯ ಅಧ್ಯಯನದ ಇತಿಹಾಸವು ಪ್ರಾದೇಶಿಕ ಚರಿತ್ರೆಯ ಭಾಗವಾಗಿ ಇನ್ನೂ ಪರಿಗಣಿತವಾಗಿಲ್ಲ. ಮೈಸೂರಿನಲ್ಲಿ ಆರಂಭವಾದ ವರ್ಣತಂತು ಅಧ್ಯಯನ ಮತ್ತು ಮುಂದೆ ಬೆಂಗಳೂರಿನಲ್ಲಿ ನೆಲೆಗೊಂಡ ಜೀವಕೋಶ ಸಂಕೇತಪಥಗಳ ಅಧ್ಯಯನ, ಅದರಲ್ಲಿಯೂ ಪ್ರೋಟೀನ್ ಕೈನೇಸ್ ಎಂಬ ಕಿಣ್ವಗಳ ನಿಯಂತ್ರಣದ ಅಧ್ಯಯನ, ಇವೆರಡರ ಸ್ವರೂಪ ಹಾಗೂ ಪರಸ್ಪರ ಸಂಬಂಧವನ್ನು ಪ್ರಸ್ತುತ ಪ್ರಬಂಧದಲ್ಲಿ ವಿವೇಚಿಸಲಾಗಿದೆ.

ನೊಣ ಮತ್ತು ನೆಲ

ಮೊದಲಿಗೆ ಹೆಸರಿನ ಗೊಂದಲವೊಂದನ್ನು ಪರಿಹರಿಸಿಕೊಳ್ಳುವುದು ಅಗತ್ಯ. ಮಾವು, ಸೀಬೆ ಬೆಳೆಯುವ ರೈತರು ‘ಹಣ್ಣುನೊಣ’ ಎಂದು ಕರೆಯುವುದು ಬ್ಯಾಕ್ಟ್ರೊಸೆರ ಕುಲದ ನೊಣವನ್ನು. ಅದು ಕಾಯಿಯ ಒಳಗೆ ಮೊಟ್ಟೆಯಿಟ್ಟು ಬೆಳೆಯನ್ನು ಹಾಳುಮಾಡುವ ಪೀಡೆ. ಟೆಫ್ರಿಟಿಡೆ ಕುಟುಂಬಕ್ಕೆ ಸೇರಿದ್ದು. ವಿಜ್ಞಾನಿಗಳ ‘ಹಣ್ಣುನೊಣ’ವಾದ ಡ್ರೊಸೊಫಿಲ ಬೇರೆಯೇ ಕುಟುಂಬದ್ದು. ಎರಡು-ಮೂರು ಮಿಲಿಮೀಟರ್ ಉದ್ದದ ಈ ನೊಣವು ಸಾಮಾನ್ಯವಾಗಿ ಕಳಿತು ಹುಳಿತ ಹಣ್ಣಿನ ಮೇಲೆ ಕೂರುತ್ತದೆ. ಅದು ತಿನ್ನುವುದು ಹಣ್ಣನ್ನು ಎನ್ನುವುದಕ್ಕಿಂತ, ಹಣ್ಣಿನ ಸಕ್ಕರೆಯಲ್ಲಿ ಬೆಳೆದ ಯೀಸ್ಟ್ ಶಿಲೀಂಧ್ರವನ್ನು ಎನ್ನುವುದು ಹೆಚ್ಚು ಸರಿ. ಬಾಳೆಹಣ್ಣಿನ ಸಿಪ್ಪೆ, ಹುಳಿತ ಕಬ್ಬಿನ ಹಾಲು ಇರುವ ಕಡೆಗಳಲ್ಲಿ ಅದು ತಾನಾಗಿಯೇ ಬಂದು ಸೇರುತ್ತದೆ.

1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ನಿರ್ಮಾಣವು 1930ರ ದಶಕದ ಆರಂಭದ ವೇಳೆಗೆ ಪೂರ್ಣಗೊಂಡು, ನಾಲೆಯ ನೀರು ಹರಿದ ಬಳಿಕ ಈ ಭಾಗದ ಕೃಷಿಯ ಸ್ವರೂಪವೇ ಬದಲಾಯಿತು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ಶ್ರೀರಂಗಪಟ್ಟಣ ಹಾಗೂ ಪಾಂಡವಪುರದ ನೀರಾವರಿ ಬಯಲು, ಹೇಮಾವತಿಯ ಮಗ್ಗುಲಿನ ಕೃಷ್ಣರಾಜಪೇಟೆ ಇವು ಕಬ್ಬು ಮತ್ತು ಆಲೆಮನೆಗಳ ಸೀಮೆಗಳಾದವು. ನಾಗಮಂಗಲದ ಬಹುಭಾಗ ಮಾತ್ರ ರಾಗಿ ಮತ್ತು ಮಳೆಯಾಶ್ರಿತ ಬೇಸಾಯದ ಬೆದ್ದಲು ನಾಡಾಗಿ ಉಳಿಯಿತು.

ಈ ಆರ್ಥಿಕ ಹಿನ್ನೆಲೆಗೂ ಪ್ರಯೋಗಾಲಯಕ್ಕೂ ಇರುವ ಒಂದು ಕೊಂಡಿ ಗಮನಾರ್ಹವಾದುದು. ಅಮೆರಿಕ ಮತ್ತು ಯುರೋಪಿನ ಪ್ರಯೋಗಾಲಯಗಳಲ್ಲಿ ಡ್ರೊಸೊಫಿಲವನ್ನು ಮುಸುಕಿನ ಜೋಳದ ಹಿಟ್ಟು, ಕಾಕಂಬಿ ಮತ್ತು ಯೀಸ್ಟ್ ಬೆರೆಸಿದ ಆಹಾರದಲ್ಲಿ ಸಾಕುವುದು ರೂಢಿ. ಮೈಸೂರಿನ ಸಂಶೋಧನ ಪ್ರಬಂಧಗಳಲ್ಲಿ ಮತ್ತೆ ಮತ್ತೆ ಬರುವ ಆಹಾರ ಕ್ರಮವು ಬೇರೆ: ಒಂದು ಲೀಟರ್ ನೀರಿಗೆ 100 ಗ್ರಾಂ ಬೆಲ್ಲ, 100 ಗ್ರಾಂ ಗೋಧಿ ರವೆ, ಸುಮಾರು 10 ಗ್ರಾಂ ಅಗರ್, ಕುದಿಸಿ ಇಳಿಸಿದ ಮೇಲೆ ಬೂಸ್ಟು ಹಿಡಿಯದಂತೆ 7.5 ಮಿಲಿಲೀಟರ್ ಪ್ರೊಪಿಯಾನಿಕ್ ಆಮ್ಲ. ಗಟ್ಟಿಯಾದ ಮೇಲ್ಮೈಯಲ್ಲಿ ಯೀಸ್ಟಿನ ಕೆಲವು ಕಾಳು. ಬೆಲ್ಲ ಮತ್ತು ರವೆಯ ಈ ಪಾಕವು, ವಿದೇಶದಲ್ಲಿ ಹುಟ್ಟಿದ ಒಂದು ವಿಜ್ಞಾನ ಪದ್ಧತಿಯು ಈ ನೆಲದ ಅಡುಗೆಮನೆಯ ಪದಾರ್ಥಗಳಲ್ಲಿ ಹೇಗೆ ಒಗ್ಗಿಕೊಂಡಿತು ಎಂಬುದಕ್ಕೆ ಸಾಕ್ಷಿಯಾಗಿದೆ. ಈ ಪಾಕದ ಎರಡು ಅಂಶಗಳಾದ ಸಕ್ಕರೆ ಮತ್ತು ಯೀಸ್ಟಿನ ಸಸಾರಜನಕ ಇವು ಪ್ರೋಟೀನ್ ಕೈನೇಸುಗಳ ಚರ್ಚೆಯಲ್ಲಿ ಮತ್ತೆ ಪ್ರಸ್ತುತವಾಗುತ್ತವೆ.

ಮೈಸೂರಿನ ಪರಂಪರೆ

1910ರಲ್ಲಿ ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾಲಯದಲ್ಲಿ ಥಾಮಸ್ ಹಂಟ್ ಮಾರ್ಗನ್ ಅವರು ಬಿಳಿಗಣ್ಣಿನ ನೊಣದ ಮೇಲೆ ನಡೆಸಿದ ಪ್ರಯೋಗಗಳಿಂದ ಡ್ರೊಸೊಫಿಲ ತಳಿಶಾಸ್ತ್ರವು ಖಚಿತವಾದ ಅಡಿಪಾಯ ಪಡೆಯಿತು. ಭಾರತದಲ್ಲಿ ಈ ಅಧ್ಯಯನಕ್ಕೆ ಮೊದಲು ನೆಲೆ ಒದಗಿಸಿದವರಲ್ಲಿ ಎಚ್.ಜೆ. ಮುಲ್ಲರ್ ಅವರ ಶಿಷ್ಯರಾದ ಎಸ್.ಪಿ. ರಾಯ್‌ಚೌಧುರಿ ಅವರು ಪ್ರಮುಖರು. ಕಲ್ಕತ್ತ ಮತ್ತು ಬನಾರಸ್ ಅದರ ಕೇಂದ್ರಗಳಾದವು. ದಕ್ಷಿಣದಲ್ಲಿ ಆ ಸ್ಥಾನ ಮೈಸೂರಿಗೆ ಸಲ್ಲುತ್ತದೆ.

1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾನಿಲಯವು 1960ರ ದಶಕದಲ್ಲಿ ಮಾನಸಗಂಗೋತ್ರಿಯಲ್ಲಿ ಸ್ನಾತಕೋತ್ತರ ವಿಭಾಗಗಳನ್ನು ಬೆಳೆಸಿದಾಗ, ಪ್ರಾಣಿಶಾಸ್ತ್ರ ವಿಭಾಗದ ಎಂ.ಆರ್. ರಾಜಶೇಖರಶೆಟ್ಟಿ ಅವರು ಡ್ರೊಸೊಫಿಲ ಸಂಶೋಧನೆಗೆ ನಾಂದಿ ಹಾಡಿದರು. ಅವರ ನಂತರ ಎನ್.ಬಿ. ಕೃಷ್ಣಮೂರ್ತಿ, ಜಿ. ಶ್ರೀರಾಮ ರೆಡ್ಡಿ, ಎಸ್.ಎನ್. ಹೆಗ್ಡೆ, ಎಚ್.ಎ. ರಂಗನಾಥ್, ಎಸ್.ಆರ್. ರಮೇಶ್, ಎನ್.ಬಿ. ರಾಮಚಂದ್ರ ಮೊದಲಾದವರು ಈ ಕೆಲಸವನ್ನು ಮುಂದುವರಿಸಿದರು. ಇವರಲ್ಲಿ ಹೆಗ್ಡೆ ಅವರು ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾದರು; ರಂಗನಾಥ್ ಅವರು ಬೆಂಗಳೂರಿನಲ್ಲಿರುವ ರಾಷ್ಟ್ರೀಯ ಮೌಲ್ಯಾಂಕನ ಮತ್ತು ಮಾನ್ಯತಾ ಮಂಡಳಿಯ ನಿರ್ದೇಶಕರಾದರು.

ಮೊದಲ ಘಟ್ಟದ ಕಾರ್ಯವು ಸಮೀಕ್ಷೆ ಮತ್ತು ನಾಮಕರಣದ್ದಾಗಿತ್ತು. ಊರುಗಳ ಸುತ್ತಮುತ್ತ ಹಾಗೂ ಪಶ್ಚಿಮಘಟ್ಟಗಳಲ್ಲಿ ಹುಳಿತ ಹಣ್ಣನ್ನು ಸೀಸೆಗಳಲ್ಲಿಟ್ಟು ನೊಣಗಳನ್ನು ಸಂಗ್ರಹಿಸಿ, ಪ್ರಭೇದಗಳನ್ನು ಗುರುತಿಸಲಾಯಿತು. 1968ರಲ್ಲಿ ರೆಡ್ಡಿ ಮತ್ತು ಕೃಷ್ಣಮೂರ್ತಿ ಅವರು ಒಂದು ನೊಣಕ್ಕೆ ತಮ್ಮ ಗುರುಗಳ ನೆನಪಿಗಾಗಿ ‘ಡ್ರೊಸೊಫಿಲ ರಾಜಶೇಖರಿ’ ಎಂದು ಹೆಸರಿಟ್ಟರು. ಮುಂದೆ ಇದು 1924ರಲ್ಲಿಯೇ ವರ್ಣಿತವಾಗಿದ್ದ ‘ಡ್ರೊಸೊಫಿಲ ಬೈಆರ್ಮೈಪಿಸ್’ ಪ್ರಭೇದವೇ ಎಂದು ತಿಳಿದುಬಂದುದರಿಂದ, ಹಳೆಯ ಹೆಸರಿಗೆ ಆದ್ಯತೆ ನೀಡುವ ನಿಯಮದಂತೆ ರಾಜಶೇಖರಿ ಎಂಬ ಹೆಸರು ಬಳಕೆಯಿಂದ ಹಿಂದೆ ಸರಿಯಿತು. ಆದರೆ ಆ ಪ್ರಭೇದದ ಮಹತ್ವ ಕುಂದಲಿಲ್ಲ. ನಂತರದಲ್ಲಿ ಅದರ ಸಮಗ್ರ ಜೀನೋಮನ್ನು ಓದಲಾಗಿದ್ದು, ಹಲವು ಪ್ರಭೇದಗಳ ತೌಲನಿಕ ಅಧ್ಯಯನಕ್ಕೆ ಅದು ಆಕರವಾಗಿದೆ.

ಎರಡನೆಯ ಘಟ್ಟವು ವರ್ಣತಂತುಗಳದು. ಡ್ರೊಸೊಫಿಲದ ಮರಿಹುಳುವಿನ ಲಾಲಾಗ್ರಂಥಿಯ ಜೀವಕೋಶಗಳಲ್ಲಿ ವರ್ಣತಂತುಗಳು ವಿಭಜನೆಯಿಲ್ಲದೆ ಹಲವು ಪಟ್ಟು ಇಮ್ಮಡಿಸಿ, ಒಂದಕ್ಕೊಂದು ಅಂಟಿಕೊಂಡು ದಪ್ಪವಾಗಿರುತ್ತವೆ. ಬಣ್ಣ ಹಾಕಿ ಸೂಕ್ಷ್ಮದರ್ಶಕದ ಅಡಿಯಲ್ಲಿ ನೋಡಿದಾಗ ಅವುಗಳ ಮೇಲೆ ಅಡ್ಡಪಟ್ಟೆಗಳು ಸ್ಪಷ್ಟವಾಗಿ ಕಾಣುತ್ತವೆ. ವರ್ಣತಂತುವಿನ ಒಂದು ತುಂಡು ತಿರುಗುಮುರುಗಾಗಿದ್ದರೆ ಪಟ್ಟೆಗಳ ಕ್ರಮದಿಂದಲೇ ಅದನ್ನು ಗುರುತಿಸಬಹುದು. ಇಂಥ ವಿಪರ್ಯಯಗಳನ್ನು ಆಧರಿಸಿ ‘ಡ್ರೊಸೊಫಿಲ ನಸ್ಯೂಟ’ ಎಂಬ ಪ್ರಭೇದದ ಭಾರತೀಯ ಸಮುದಾಯಗಳ ವೈವಿಧ್ಯವನ್ನು ಕೃಷ್ಣಮೂರ್ತಿ ಮತ್ತು ರಂಗನಾಥ್ ಅವರು 1970ರ ದಶಕದಲ್ಲಿ ವಿವರವಾಗಿ ಅಭ್ಯಸಿಸಿದರು.

ಈ ಪರಂಪರೆಯ ವಿಶಿಷ್ಟ ಕೊಡುಗೆಯೆಂದರೆ ‘ಸೈಟೊರೇಸ್’ಗಳು, ಅಂದರೆ ಕೋಶತಳಿಗಳು. ನಸ್ಯೂಟದಲ್ಲಿ ಎಂಟು ವರ್ಣತಂತುಗಳಿದ್ದರೆ, ಅದರ ಸಮೀಪ ಬಂಧುವಾದ ‘ಅಲ್ಬೊಮೈಕನ್ಸ್’ನಲ್ಲಿ ಆರು. ಅಲ್ಬೊಮೈಕನ್ಸ್‌ನಲ್ಲಿ ಮೂರನೆಯ ವರ್ಣತಂತುವು ಲಿಂಗ ವರ್ಣತಂತುಗಳೊಡನೆ ಬೆಸೆದುಕೊಂಡಿರುವುದೇ ಈ ವ್ಯತ್ಯಾಸಕ್ಕೆ ಕಾರಣ. ಇವೆರಡನ್ನೂ ಪ್ರಯೋಗಾಲಯದಲ್ಲಿ ಕೂಡಿಸಿದರೆ ಸಂತಾನ ಹುಟ್ಟುತ್ತದೆ, ಆ ಸಂತಾನವೂ ಫಲವತ್ತಾಗಿರುತ್ತದೆ. ಈ ಸಂಕರದಿಂದ ಹೊರಟ ಹಲವು ಸಾಲುಗಳನ್ನು ರಾಮಚಂದ್ರ, ರಂಗನಾಥ್ ಮತ್ತು ಅವರ ಸಹೋದ್ಯೋಗಿಗಳು ನೂರಾರು ತಲೆಮಾರುಗಳವರೆಗೆ ಬೆಳೆಸಿದರು. ತಲೆಮಾರುಗಳು ಕಳೆದಂತೆ ಕೆಲವು ಸಾಲುಗಳಲ್ಲಿ ತಂದೆತಾಯಿ ಎರಡೂ ಕಡೆಯ ವರ್ಣತಂತುಗಳ ಹೊಸ ಜೋಡಣೆಗಳು ಸ್ಥಿರಗೊಂಡವು. ಕೂಡುವಿಕೆಯ ಆಯ್ಕೆಯಲ್ಲಿಯೂ ಭೇದದ ಮೊದಲ ಸುಳಿವುಗಳು ಕಂಡುಬಂದವು. ಹೊಸ ತಳಿಗಳು ರೂಪುಗೊಳ್ಳುವ ಕ್ರಿಯೆಯನ್ನು ಮನುಷ್ಯನ ಆಯುಷ್ಯದೊಳಗೇ ನೋಡುವ ಅಪರೂಪದ ಅವಕಾಶ ಇದರಿಂದ ದೊರೆಯಿತು.

ವರ್ಣತಂತುವಿನಿಂದ ಪ್ರೋಟೀನಿನ ಕಡೆಗೆ ಸಾಗಿದ ಹೆಜ್ಜೆಯೂ ಮೈಸೂರಿನಲ್ಲಿ ಕಾಣುತ್ತದೆ. ಕೋಶಾವಸ್ಥೆಗೆ ಹೋಗುವ ಮುನ್ನ ಮರಿಹುಳು ತನ್ನ ಲಾಲಾಗ್ರಂಥಿಯಿಂದ ಅಂಟು ಪ್ರೋಟೀನನ್ನು ಸ್ರವಿಸಿ ತನ್ನನ್ನು ಗಟ್ಟಿ ನೆಲೆಗೆ ಅಂಟಿಸಿಕೊಳ್ಳುತ್ತದೆ. ನಸ್ಯೂಟ ಗುಂಪಿನ ನೊಣಗಳ ಈ ಅಂಟು ಪ್ರೋಟೀನುಗಳನ್ನು ರಮೇಶ್ ಅವರು ಜರ್ಮನಿಯ ಬೋಖುಮ್ ವಿಶ್ವವಿದ್ಯಾಲಯದ ಕಾಲಿಶ್ ಅವರೊಂದಿಗೆ 1980ರ ದಶಕದ ಕೊನೆಯ ಭಾಗದಲ್ಲಿ ವಿಶ್ಲೇಷಿಸಿದರು. ಆದರೂ ಮೈಸೂರಿನ ಮೂಲ ಪ್ರಶ್ನೆ ವಿಕಾಸದ್ದಾಗಿಯೇ ಉಳಿಯಿತು: ಒಂದು ಪ್ರಭೇದ ಮತ್ತೊಂದರಿಂದ ಹೇಗೆ ಬೇರ್ಪಡುತ್ತದೆ ಎಂಬುದು. ಒಂದು ಜೀವಕೋಶವು ಹೊರಗಿನ ಸುದ್ದಿಯನ್ನು ಹೇಗೆ ಗ್ರಹಿಸಿ ಪ್ರತಿಕ್ರಿಯಿಸುತ್ತದೆ ಎಂಬ ಪ್ರಶ್ನೆ ಬೇರೊಂದು ಮಾರ್ಗದಿಂದ ಕರ್ನಾಟಕಕ್ಕೆ ಬಂದಿತು.

ಪ್ರೋಟೀನ್ ಕೈನೇಸ್: ಪರಿಕಲ್ಪನೆಯ ಹಿನ್ನೆಲೆ

ಪ್ರೋಟೀನ್ ಕೈನೇಸ್ ಎಂಬುದು ಒಂದು ಬಗೆಯ ಕಿಣ್ವ. ಜೀವಕೋಶದ ಶಕ್ತಿವಾಹಕವಾದ ಎಟಿಪಿ ಅಣುವಿನಿಂದ ಒಂದು ಫಾಸ್ಫೇಟ್ ಗುಂಪನ್ನು ತೆಗೆದು ಮತ್ತೊಂದು ಪ್ರೋಟೀನಿನ ನಿರ್ದಿಷ್ಟ ಅಮೈನೊ ಆಮ್ಲಕ್ಕೆ ಸೇರಿಸುವುದು ಅದರ ಕೆಲಸ. ಸೆರೀನ್, ಥ್ರಿಯೊನೀನ್, ಟೈರೊಸೀನ್ ಎಂಬ ಅಮೈನೊ ಆಮ್ಲಗಳು ಸಾಮಾನ್ಯವಾಗಿ ಈ ಫಾಸ್ಫೇಟನ್ನು ಪಡೆಯುತ್ತವೆ. ಫಾಸ್ಫೇಟ್ ಸೇರಿದೊಡನೆ ಆ ಪ್ರೋಟೀನಿನ ಆಕಾರ ಮತ್ತು ವರ್ತನೆ ಬದಲಾಗುತ್ತದೆ. ನಿಷ್ಕ್ರಿಯವಾಗಿದ್ದುದು ಸಕ್ರಿಯವಾಗಬಹುದು, ಸಕ್ರಿಯವಾಗಿದ್ದುದು ತಟಸ್ಥವಾಗಬಹುದು. ಫಾಸ್ಫಟೇಸ್ ಎಂಬ ಕಿಣ್ವಗಳು ಆ ಫಾಸ್ಫೇಟನ್ನು ಮತ್ತೆ ಕಳಚುತ್ತವೆ. ಹೀಗೆ ಸೇರಿಸುವ ಮತ್ತು ಕಳಚುವ ಕ್ರಿಯೆಗಳ ಸಮತೋಲನದ ಮೇಲೆ ಜೀವಕೋಶದ ಬೆಳವಣಿಗೆ, ವಿಭಜನೆ, ನೆನಪು, ಸಾವು ಎಲ್ಲವೂ ನಿಂತಿವೆ.

ಈ ಕ್ರಿಯೆಯನ್ನು 1950ರ ದಶಕದ ಮಧ್ಯಭಾಗದಲ್ಲಿ ಎಡ್ಮಂಡ್ ಫಿಶರ್ ಮತ್ತು ಎಡ್ವಿನ್ ಕ್ರೆಬ್ಸ್ ಅವರು ಸ್ನಾಯುವಿನಲ್ಲಿ ಮೊದಲು ಕಂಡುಕೊಂಡರು. ಅದಕ್ಕಾಗಿ ಅವರಿಗೆ 1992ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಆದರೆ ಕೈನೇಸುಗಳು ಅಖಂಡ ಜೀವಿಯಲ್ಲಿ ಏನು ಮಾಡುತ್ತವೆ ಎಂಬುದನ್ನು ತೋರಿಸಿಕೊಟ್ಟ ಜೀವಿಗಳಲ್ಲಿ ಡ್ರೊಸೊಫಿಲಕ್ಕೆ ಪ್ರಮುಖ ಸ್ಥಾನವಿದೆ. ಅದರ ಜೀನೋಮನ್ನು 2000ದಲ್ಲಿ ಓದಿದಾಗ ಸುಮಾರು 13,600 ವಂಶವಾಹಿಗಳು ಗುರುತಾದವು. ಅವುಗಳಲ್ಲಿ ಪ್ರೋಟೀನ್ ಕೈನೇಸುಗಳನ್ನು ಸಂಕೇತಿಸುವವು ಸುಮಾರು 240. ಮನುಷ್ಯನಲ್ಲಿ ಈ ಸಂಖ್ಯೆ 500ಕ್ಕೂ ಮಿಗಿಲು. ನೊಣದಲ್ಲಿ ಒಂದೇ ವಂಶವಾಹಿ ಮಾಡುವ ಕೆಲಸವನ್ನು ಮನುಷ್ಯನಲ್ಲಿ ಎರಡು-ಮೂರು ವಂಶವಾಹಿಗಳು ಹಂಚಿಕೊಂಡಿರುವುದುಂಟು. ಆದ್ದರಿಂದ ಒಂದು ವಂಶವಾಹಿಯನ್ನು ಕೆಡಿಸಿ ಪರಿಣಾಮ ನೋಡುವ ವಿಧಾನಕ್ಕೆ ನೊಣವೇ ಹೆಚ್ಚು ಅನುಕೂಲ.

ಕೈನೇಸುಗಳು ಯಾವಾಗಲೂ ಕೆಲಸ ಮಾಡುತ್ತಿರುವುದಿಲ್ಲ; ಅವುಗಳನ್ನು ಎಚ್ಚರಿಸುವುದೇ ಸಂಕೇತಪಥಗಳ ಕಾರ್ಯ. ಇದಕ್ಕೆ ಮೂರು ಉದಾಹರಣೆಗಳನ್ನು ಗಮನಿಸಬಹುದು. ಪ್ರೋಟೀನ್ ಕೈನೇಸ್-ಎ ಎಂಬ ಕಿಣ್ವದಲ್ಲಿ ಕೆಲಸ ಮಾಡುವ ಭಾಗವನ್ನು ನಿಯಂತ್ರಕ ಭಾಗವು ಹಿಡಿದಿಟ್ಟಿರುತ್ತದೆ. ಆವರ್ತ ಎಎಂಪಿ ಎಂಬ ಸಣ್ಣ ಅಣು ಬಂದು ನಿಯಂತ್ರಕ ಭಾಗಕ್ಕೆ ಕೂಡಿಕೊಂಡಾಗ ಹಿಡಿತ ಸಡಿಲಿ ಕಿಣ್ವ ಬಿಡುಗಡೆಯಾಗುತ್ತದೆ. ಎರಡನೆಯದಾದ ಕ್ಯಾಮ್ ಕೈನೇಸ್-2 ಎಂಬುದನ್ನು ಕ್ಯಾಲ್ಸಿಯಂ ಮತ್ತು ಕ್ಯಾಲ್ಮಾಡ್ಯುಲಿನ್ ಜೊತೆಗೂಡಿ ಎಚ್ಚರಿಸುತ್ತವೆ. ಒಮ್ಮೆ ಎಚ್ಚರಗೊಂಡ ಈ ಕಿಣ್ವ ತನಗೆ ತಾನೇ ಫಾಸ್ಫೇಟ್ ಸೇರಿಸಿಕೊಂಡು, ಕ್ಯಾಲ್ಸಿಯಂ ಇಳಿದ ಮೇಲೂ ಸ್ವಲ್ಪ ಕಾಲ ಕ್ರಿಯಾಶೀಲವಾಗಿರಬಲ್ಲದು. ಮೂರನೆಯ ಬಗೆಯ ಟೈರೊಸೀನ್ ಕೈನೇಸ್ ಗ್ರಾಹಕಗಳು ಕೋಶದ ಪೊರೆಯಲ್ಲಿ ನಿಂತು ಹೊರಗಿನ ಸಂಕೇತವನ್ನು ಪಡೆದಾಗ ಪರಸ್ಪರ ಫಾಸ್ಫೇಟ್ ಸೇರಿಸಿಕೊಂಡು ಒಳಗಿನ ಕೈನೇಸುಗಳ ಸರಪಳಿಯನ್ನು ಚಾಲೂ ಮಾಡುತ್ತವೆ.

ಈ ತಿಳಿವಳಿಕೆಗೆ ನೊಣದ ವಿಕೃತ ತಳಿಗಳು ಹೇಗೆ ನೆರವಾದವು ಎಂಬುದಕ್ಕೆ ಅಮೆರಿಕದ ಕ್ಯಾಲ್ಟೆಕ್ ಸಂಸ್ಥೆಯ ಸೀಮರ್ ಬೆಂಜರ್ ಅವರ ಪ್ರಯೋಗಾಲಯವೇ ನಿದರ್ಶನ. ವಾಸನೆಯನ್ನು ವಿದ್ಯುತ್ ಆಘಾತದೊಡನೆ ಕೂಡಿಸಿ ಕಲಿಸಿದರೂ ನೆನಪಿಡಲಾರದ ‘ಡನ್ಸ್’ ಎಂಬ ತಳಿಯನ್ನು 1976ರಲ್ಲಿ ಅಲ್ಲಿ ವರದಿ ಮಾಡಲಾಯಿತು. ಆವರ್ತ ಎಎಂಪಿಯನ್ನು ಒಡೆಯುವ ಕಿಣ್ವದ ದೋಷವೇ ಅದಕ್ಕೆ ಕಾರಣವೆಂದು 1981ರಲ್ಲಿ ತಿಳಿಯಿತು. ಆವರ್ತ ಎಎಂಪಿಯನ್ನು ತಯಾರಿಸುವ ಕಿಣ್ವ ಕೆಟ್ಟ ‘ರುಟಬಾಗ’ ತಳಿಯಲ್ಲಿಯೂ ನೆನಪಿನ ದೋಷ ಕಂಡಿತು. ಅಣುವೊಂದು ಹೆಚ್ಚಾದರೂ ಕಡಿಮೆಯಾದರೂ ಕಲಿಕೆ ಕೆಡುತ್ತದೆ ಎಂಬ ಸಂಗತಿ, ಕೈನೇಸಿನ ನಿಯಂತ್ರಣದಲ್ಲಿ ಹದವೇ ಮುಖ್ಯ ಎಂಬುದನ್ನು ಸ್ಥಾಪಿಸಿತು.

ಬೆಂಗಳೂರಿನ ಘಟ್ಟ

ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ 1962ರಲ್ಲಿ ಅಣುಜೀವವಿಜ್ಞಾನ ಘಟಕವನ್ನು ಕಟ್ಟಿದ ಒಬೈದ್ ಸಿದ್ದಿಕಿ ಅವರು 1970ರ ದಶಕದಲ್ಲಿ ಬೆಂಜರ್ ಅವರೊಡನೆ ಕೆಲಸ ಮಾಡಿ, ಬಿಸಿಯೇರಿದಾಗ ಪಾರ್ಶ್ವವಾಯು ಹೊಡೆದಂತಾಗುವ ನೊಣಗಳ ನರಕ್ರಿಯೆಯನ್ನು ಅಭ್ಯಸಿಸಿದರು. ಹಿಂದಿರುಗಿ ಬಂದ ಮೇಲೆ ಅವರು ಮತ್ತು ವೆರೋನಿಕ ರೊಡ್ರಿಗ್ಸ್ ಅವರು ವಾಸನೆ ಹಾಗೂ ರುಚಿಯನ್ನು ಗ್ರಹಿಸಲಾರದ ತಳಿಗಳನ್ನು ಪ್ರತ್ಯೇಕಿಸಿದರು. 1990ರ ದಶಕದ ಆರಂಭದಲ್ಲಿ ಈ ಗುಂಪು ಬೆಂಗಳೂರಿಗೆ ಬಂದು ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವಾಗಿ ನೆಲೆಗೊಂಡಿತು. ಸಿದ್ದಿಕಿ ಅವರು ಸ್ಥಾಪಕ ನಿರ್ದೇಶಕರು. ಅವರ ನಂತರ ಕೆ. ವಿಜಯರಾಘವನ್ ಅವರು ಅದರ ಹೊಣೆ ಹೊತ್ತರು. ಕೇಂದ್ರದ ಕಟ್ಟಡಗಳು ಕೃಷಿ ವಿಶ್ವವಿದ್ಯಾನಿಲಯದ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣದಲ್ಲಿ ಎದ್ದವು.

ಇಲ್ಲಿನ ಸಂಶೋಧನೆಗಳಲ್ಲಿ ಕೈನೇಸ್ ನಿಯಂತ್ರಣಕ್ಕೆ ನೇರವಾಗಿ ಸಂಬಂಧಿಸಿದ ಕೆಲವನ್ನು ಮಾತ್ರ ಇಲ್ಲಿ ಪರಿಶೀಲಿಸಲಾಗಿದೆ. ಮೊದಲನೆಯದು ವಾಸನೆಯ ಅಭ್ಯಾಸಬಲ. ಒಂದೇ ವಾಸನೆಯನ್ನು ಬಹುಹೊತ್ತು ಅನುಭವಿಸಿದ ನೊಣ ಅದನ್ನು ಕಡೆಗಣಿಸತೊಡಗುತ್ತದೆ. ಈ ಸರಳ ಕಲಿಕೆಗೆ ಮಿದುಳಿನ ಪ್ರತಿಬಂಧಕ ನರಕೋಶಗಳಲ್ಲಿ ರುಟಬಾಗ ಕಿಣ್ವ ಅಗತ್ಯವೆಂದು 2011ರಲ್ಲಿ ರೊಡ್ರಿಗ್ಸ್, ಮಣಿ ರಾಮಸ್ವಾಮಿ ಮತ್ತು ಅವರ ಸಹೋದ್ಯೋಗಿಗಳು ತೋರಿಸಿದರು. 2013ರಲ್ಲಿ ಪ್ರಕಟವಾದ ಮುಂದಿನ ಅಧ್ಯಯನವು, ಅದೇ ನರಕೋಶಗಳಲ್ಲಿ ಸಿನಾಪ್ಸಿನ್ ಎಂಬ ಪ್ರೋಟೀನ್ ಇರಬೇಕು, ಅದರಲ್ಲಿ ಕ್ಯಾಮ್ ಕೈನೇಸ್-2 ಫಾಸ್ಫೇಟ್ ಸೇರಿಸುವ ಸ್ಥಾನವೂ ಸರಿಯಾಗಿರಬೇಕು ಎಂಬುದನ್ನು ಮುಂದಿಟ್ಟಿತು. ವರ್ತನೆಯೊಂದು ಕೈನೇಸಿನ ಒಂದು ನಿರ್ದಿಷ್ಟ ಸ್ಥಾನದವರೆಗೆ ಹೇಗೆ ಬೆಸೆದುಕೊಂಡಿದೆ ಎಂಬುದಕ್ಕೆ ಇದು ಉತ್ತಮ ದೃಷ್ಟಾಂತ. 2010ರ ನವೆಂಬರಿನಲ್ಲಿ ನಿಧನರಾದ ರೊಡ್ರಿಗ್ಸ್ ಅವರ ಹೆಸರು ಈ ಎರಡೂ ಪ್ರಬಂಧಗಳಲ್ಲಿ ಇದೆ ಎಂಬುದನ್ನು ಸ್ಮರಿಸಬೇಕು.

ಎರಡನೆಯದು ಕ್ಯಾಲ್ಸಿಯಂ ಸಂಕೇತ. 1992ರಲ್ಲಿ ಅಮೆರಿಕದಲ್ಲಿ ಮೈಕೆಲ್ ರಾಸ್‌ಬಾಷ್ ಅವರೊಂದಿಗೆ ಐಪಿ-3 ಗ್ರಾಹಕದ ವಂಶವಾಹಿಯನ್ನು ನೊಣದಲ್ಲಿ ಗುರುತಿಸಿದ ಗೈತಿ ಹಸನ್ ಅವರು ಬೆಂಗಳೂರಿನಲ್ಲಿ ಅದರ ವಿಕೃತ ತಳಿಗಳನ್ನು ಬೆಳೆಸಿದರು. ಈ ಗ್ರಾಹಕವು ಕೋಶದೊಳಗಿನ ದಾಸ್ತಾನಿನಿಂದ ಕ್ಯಾಲ್ಸಿಯಂ ಹೊರಬಿಡುವ ಬಾಗಿಲು. ಅದು ಕೆಟ್ಟ ನೊಣಗಳು ರೆಕ್ಕೆ ಮತ್ತು ಸ್ನಾಯುಗಳಿದ್ದರೂ ಹಾರಲಾರವು ಎಂದು 2004ರಲ್ಲಿ ವರದಿಯಾಯಿತು. ದಾಸ್ತಾನು ಖಾಲಿಯಾದಾಗ ಹೊರಗಿನಿಂದ ಕ್ಯಾಲ್ಸಿಯಂ ಒಳತರುವ ಸ್ಟಿಮ್ ಮತ್ತು ಒರೈ ಎಂಬ ಪ್ರೋಟೀನುಗಳನ್ನು ನರಕೋಶಗಳಲ್ಲಿ ಕುಗ್ಗಿಸಿದರೂ ಹಾರಾಟ ಕೆಡುತ್ತದೆ ಎಂಬುದನ್ನು 2009ರ ಅಧ್ಯಯನ ತೋರಿಸಿತು. ಹಲವು ಕೈನೇಸುಗಳನ್ನು ಎಚ್ಚರಿಸುವ ಕ್ಯಾಲ್ಸಿಯಂ ಎಲ್ಲಿಂದ, ಎಷ್ಟು, ಯಾವಾಗ ಬರುತ್ತದೆ ಎಂಬ ಪ್ರಶ್ನೆಗೆ ಈ ಕೆಲಸಗಳು ಆಧಾರ ಒದಗಿಸಿದವು.

ಮೂರನೆಯದು ರಕ್ತಕೋಶಗಳ ಉತ್ಪತ್ತಿಗೆ ಸಂಬಂಧಿಸಿದ್ದು. ಇದು ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನ ಕೇಂದ್ರದಲ್ಲಿ ನಡೆಯಿತು. ನೊಣದಲ್ಲಿ ಜಾಕ್ ಬಗೆಯ ಟೈರೊಸೀನ್ ಕೈನೇಸ್ ಒಂದೇ ಒಂದು; ಅದರ ಹೆಸರು ‘ಹಾಪ್‌ಸ್ಕಾಚ್’. ಇದು ಮಿತಿಮೀರಿ ಕ್ರಿಯಾಶೀಲವಾದರೆ ರಕ್ತಕೋಶಗಳು ಅಳತೆಯಿಲ್ಲದೆ ಹೆಚ್ಚಿ ರಕ್ತದ ಕ್ಯಾನ್ಸರನ್ನು ಹೋಲುವ ಸ್ಥಿತಿ ಉಂಟಾಗುತ್ತದೆ. ಮನೀಷಾ ಇನಾಮದಾರ್ ಅವರ ತಂಡವು ರಕ್ತವೆಂಬ ಅರ್ಥದ ಸಂಸ್ಕೃತ ಪದದಿಂದ ‘ಅಸೃಜ್’ ಎಂದು ಹೆಸರಿಸಿದ ಪ್ರೋಟೀನು, ಕೋಶದೊಳಗಿನ ಎಂಡೊಸೋಮ್ ಎಂಬ ಚೀಲಗಳಲ್ಲಿದ್ದು ಜಾಕ್-ಸ್ಟ್ಯಾಟ್ ಪಥವನ್ನು ಹದದಲ್ಲಿಡುತ್ತದೆ ಎಂಬುದು 2013ರಲ್ಲಿ ಪ್ರಕಟವಾಯಿತು. ಅಸೃಜ್ ಇಲ್ಲದಾಗ ರಕ್ತದ ಆಕರಕೋಶಗಳು ಅಕಾಲದಲ್ಲಿ ಪಕ್ವಗೊಂಡು ತೀರಿಹೋಗುತ್ತವೆ. ಕೈನೇಸ್ ಪಥದ ನಿಯಂತ್ರಣವು ಕೋಶದ ಹೊರಪೊರೆಗೆ ಸೀಮಿತವಲ್ಲ, ಒಳಗಿನ ಸ್ಥಾನವೂ ಅದನ್ನು ನಿರ್ಧರಿಸುತ್ತದೆ ಎಂಬುದು ಇದರ ಸಾರ.

ಆಹಾರ, ಬೆಳವಣಿಗೆ ಮತ್ತು ಟಾರ್ ಕೈನೇಸ್

ನಾಲ್ಕನೆಯ ಉದಾಹರಣೆಯು ಈ ಪ್ರಬಂಧದ ದೃಷ್ಟಿಯಿಂದ ಹೆಚ್ಚು ಮಹತ್ವದ್ದು. ಮರಿಹುಳು ತಾನು ಯಾವಾಗ, ಎಷ್ಟು ಬೆಳೆಯಬೇಕೆಂಬುದನ್ನು ಆಹಾರದಿಂದ ತಿಳಿಯುತ್ತದೆ. ಮನುಷ್ಯನಲ್ಲಿರುವಂತೆ ನೊಣದಲ್ಲಿಯೂ ಇನ್ಸುಲಿನ್ ಮಾದರಿಯ ಪೆಪ್ಟೈಡುಗಳಿವೆ. ಅವು ಗ್ರಾಹಕವನ್ನು ಮುಟ್ಟಿದಾಗ ಪೊರೆಯಲ್ಲಿ ಪಿಐಪಿ-3 ಎಂಬ ಕೊಬ್ಬಿನ ಅಣು ತಯಾರಾಗುತ್ತದೆ. ಅದು ಅಕ್ಟ್ ಎಂಬ ಕೈನೇಸನ್ನು ಪೊರೆಯ ಬಳಿಗೆ ಕರೆಸಿ ಕ್ರಿಯಾಶೀಲಗೊಳಿಸುತ್ತದೆ. ಇನ್ನೊಂದೆಡೆ, ಅಮೈನೊ ಆಮ್ಲಗಳು ಸಾಕಷ್ಟು ದೊರೆತಾಗ ಟಾರ್ ಎಂಬ ಕೈನೇಸ್ ಎಚ್ಚರಗೊಂಡು ಎಸ್-6 ಕೈನೇಸಿಗೆ ಫಾಸ್ಫೇಟ್ ಸೇರಿಸಿ ಪ್ರೋಟೀನ್ ತಯಾರಿಕೆಯನ್ನು ಹೆಚ್ಚಿಸುತ್ತದೆ. ಸಸಾರಜನಕದ ಕೊರತೆಯಾದರೆ ಟಾರ್ ತಗ್ಗುತ್ತದೆ, ಹುಳು ಸಣ್ಣದಾಗಿ ಉಳಿಯುತ್ತದೆ. ಬೆಲ್ಲ-ರವೆಯ ಪಾಕದ ಮೇಲೆ ಉದುರಿಸುವ ಯೀಸ್ಟಿನ ಕಾಳುಗಳ ಮಹತ್ವ ಇಲ್ಲಿ ಸ್ಪಷ್ಟವಾಗುತ್ತದೆ: ಸಕ್ಕರೆಯೊಂದೇ ಇದ್ದರೆ ಸಾಲದು, ಅಮೈನೊ ಆಮ್ಲಗಳು ಒದಗಬೇಕು.

ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ರಘು ಪಡಿಂಜಾಟ್ ಅವರ ತಂಡವು 2013ರಲ್ಲಿ ಪಿಐಪಿ-4ಕೆ ಎಂಬ ಕಿಣ್ವದ ಪಾತ್ರವನ್ನು ಪ್ರಕಟಿಸಿತು. ಇದು ಪ್ರೋಟೀನಿಗಲ್ಲ, ಪೊರೆಯ ಕೊಬ್ಬಿನ ಅಣುವಿಗೆ ಫಾಸ್ಫೇಟ್ ಸೇರಿಸುವ ಕೈನೇಸ್. ಸಸ್ತನಿಗಳಲ್ಲಿ ಇದಕ್ಕೆ ಮೂರು ವಂಶವಾಹಿಗಳಿದ್ದರೆ ನೊಣದಲ್ಲಿ ಒಂದೇ. ಅದನ್ನು ತೆಗೆದುಹಾಕಿದಾಗ ಮರಿಹುಳುಗಳ ಬೆಳವಣಿಗೆ ನಿಧಾನವಾಯಿತು, ಜೀವಕೋಶಗಳು ಸಣ್ಣದಾದವು, ಟಾರ್ ಪಥದ ಚಟುವಟಿಕೆ ಇಳಿಯಿತು. ಅಂದರೆ ಕೊಬ್ಬಿನ ಕೈನೇಸೊಂದು ಪ್ರೋಟೀನ್ ಕೈನೇಸನ್ನು ಪರೋಕ್ಷವಾಗಿ ನಿಯಂತ್ರಿಸುತ್ತದೆ. ಇದೇ ಕಿಣ್ವ ಪಿಐಪಿ-3ರ ಪ್ರಮಾಣವನ್ನು ಹದದಲ್ಲಿಟ್ಟು ಇನ್ಸುಲಿನ್ ಸಂಕೇತವನ್ನೂ ನಿಯಂತ್ರಿಸುತ್ತದೆ ಎಂದು 2019ರಲ್ಲಿ ತಿಳಿದುಬಂದಿತು.

ಈ ಸಂಶೋಧನೆಗಳಲ್ಲಿ ಕೋಶದ ಗಾತ್ರವನ್ನು ಅಳೆಯಲು ಆರಿಸಿಕೊಂಡ ಅಂಗವು ಮರಿಹುಳುವಿನ ಲಾಲಾಗ್ರಂಥಿ ಎಂಬುದು ಗಮನಾರ್ಹ. ಮೈಸೂರಿನವರು ಪಟ್ಟೆಗಳನ್ನು ಓದಲು, ಅಂಟು ಪ್ರೋಟೀನನ್ನು ಬೇರ್ಪಡಿಸಲು ಬಳಸಿದ್ದು ಇದೇ ಗ್ರಂಥಿಯನ್ನು. ಅಲ್ಲಿ ವರ್ಣತಂತುಗಳು ದಪ್ಪವಾಗಲು ಮತ್ತು ಇಲ್ಲಿ ಕೋಶದ ಗಾತ್ರವನ್ನು ಸುಲಭವಾಗಿ ಅಳೆಯಲು ಕಾರಣ ಒಂದೇ: ಈ ಕೋಶಗಳು ವಿಭಜಿಸದೆ ಬೆಳೆಯುತ್ತವೆ, ಆ ಬೆಳವಣಿಗೆಗೆ ಆಹಾರ ಮತ್ತು ಟಾರ್ ಪಥದ ಬೆಂಬಲ ಬೇಕು. ಮೈಸೂರಿನವರು ಅಧ್ಯಯನ ಮಾಡಿದ ವರ್ಣತಂತುವಿನ ಸ್ಪಷ್ಟತೆಯ ಹಿಂದೆ ಬೆಂಗಳೂರಿನವರು ಅಧ್ಯಯನ ಮಾಡಿದ ಕೈನೇಸುಗಳ ಕೆಲಸವಿದ್ದಿತು. ಎರಡೂ ಪರಂಪರೆಗಳು ಬೇರೆ ಬೇರೆ ಪ್ರಶ್ನೆಗಳಿಂದ ಹೊರಟರೂ ಒಂದೇ ಅಂಗದಲ್ಲಿ ಸಂಧಿಸುತ್ತವೆ ಎನ್ನಬಹುದು.

ಜೀವಂತ ದಾಖಲೆಗಳ ಸಂರಕ್ಷಣೆ

ಈ ಇತಿಹಾಸವನ್ನು ಬರೆಯಲು ಇರುವ ಆಕರಗಳ ಪ್ರಶ್ನೆ ಗಂಭೀರವಾದುದು. ಶಾಸನದ ಕಲ್ಲು ಒಡೆದರೂ ಅದರ ಪಡಿಯಚ್ಚು ಉಳಿದಿದ್ದರೆ ಪಾಠ ಉಳಿಯುತ್ತದೆ. ನೊಣದ ತಳಿಗೆ ಪಡಿಯಚ್ಚು ಇಲ್ಲ. ಬೀಜವನ್ನು ಒಣಗಿಸಿಡುವಂತೆ, ಬ್ಯಾಕ್ಟೀರಿಯವನ್ನು ಹೆಪ್ಪುಗಟ್ಟಿಸಿಡುವಂತೆ ಡ್ರೊಸೊಫಿಲವನ್ನು ಇಡುವುದು ರೂಢಿಯಲ್ಲಿಲ್ಲ. ಭ್ರೂಣಗಳನ್ನು ಹೆಪ್ಪುಗಟ್ಟಿಸುವ ವಿಧಾನಗಳು 1990ರ ದಶಕದಿಂದ ಇವೆ. 2021ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ತಂಡ ಅದನ್ನು ಗಣನೀಯವಾಗಿ ಸುಧಾರಿಸಿತು. ಆದರೂ ಬಹುತೇಕ ತಳಿಗಳು ಉಳಿದಿರುವುದು ಕೆಲವು ವಾರಗಳಿಗೊಮ್ಮೆ ಹಳೆಯ ಸೀಸೆಯಿಂದ ಹೊಸ ಸೀಸೆಗೆ ವರ್ಗಾಯಿಸುವ ಕೈಗಳಿಂದ ಮಾತ್ರ.

ಕೈನೇಸ್ ಸಂಶೋಧನೆಯ ತಳಿಗಳು ಒಂದು ದೃಷ್ಟಿಯಿಂದ ಸುರಕ್ಷಿತ. ಅವುಗಳ ಪ್ರತಿಗಳು ಅಂತರರಾಷ್ಟ್ರೀಯ ತಳಿಕೇಂದ್ರಗಳಲ್ಲಿ ದೊರೆಯುವುದುಂಟು. ವಂಶವಾಹಿಯ ಬದಲಾವಣೆ ನಿಖರವಾಗಿ ತಿಳಿದಿರುವುದರಿಂದ ಅವುಗಳನ್ನು ಮತ್ತೆ ನಿರ್ಮಿಸಲೂ ಸಾಧ್ಯ. ಮೈಸೂರಿನ ಕೋಶತಳಿಗಳ ಸ್ಥಿತಿ ಹಾಗಲ್ಲ. ಅವು ಒಂದು ನಿರ್ದಿಷ್ಟ ಸಂಕರದಿಂದ ಹೊರಟು ನೂರಾರು ತಲೆಮಾರುಗಳ ಆಕಸ್ಮಿಕ ಮತ್ತು ಆಯ್ಕೆಗಳಿಂದ ರೂಪುಗೊಂಡವು. ಅದೇ ತಂದೆತಾಯಿಗಳಿಂದ ಮತ್ತೆ ಆರಂಭಿಸಿದರೆ ಅದೇ ಫಲ ಬರುತ್ತದೆಂಬ ಭರವಸೆಯಿಲ್ಲ. ಒಂದು ಬೇಸಿಗೆಯಲ್ಲಿ ತಾಪ ನಿಯಂತ್ರಣ ಕೆಟ್ಟರೆ, ಸಾಕುವ ಸಿಬ್ಬಂದಿಯ ಹುದ್ದೆ ಖಾಲಿ ಉಳಿದರೆ, ದಶಕಗಳ ದಾಖಲೆ ಕೆಲವೇ ವಾರಗಳಲ್ಲಿ ಅಳಿಯಬಲ್ಲದು. 2020ರ ಲಾಕ್‌ಡೌನ್ ಕಾಲದಲ್ಲಿ ಜಗತ್ತಿನ ಅನೇಕ ನೊಣ ಪ್ರಯೋಗಾಲಯಗಳು ಬೇರೆಲ್ಲ ಕೆಲಸ ನಿಲ್ಲಿಸಿದರೂ ತಳಿ ವರ್ಗಾವಣೆಗಾಗಿ ಮಾತ್ರ ಬಾಗಿಲು ತೆರೆಯಬೇಕಾಯಿತು. ಮಾನಸಗಂಗೋತ್ರಿಯಲ್ಲಿ ಡ್ರೊಸೊಫಿಲ ತಳಿಕೇಂದ್ರವನ್ನು ರೂಪಿಸಿದ ಹಿರಿಯರ ದೂರದೃಷ್ಟಿಯ ಅರ್ಥ ಈ ಹಿನ್ನೆಲೆಯಲ್ಲಿ ತಿಳಿಯುತ್ತದೆ.

ಸಂರಕ್ಷಣೆಯ ಈ ಪ್ರಶ್ನೆಗೆ ಭವಿಷ್ಯದ ಸಂಶೋಧನೆಯ ಆಯಾಮವೂ ಇದೆ. ಇದುವರೆಗಿನ ಕೈನೇಸ್ ಜ್ಞಾನದ ಬಹುಭಾಗ ‘ಮೆಲನೊಗ್ಯಾಸ್ಟರ್’ ಎಂಬ ಒಂದೇ ಪ್ರಭೇದದಿಂದ ಬಂದುದು. ಅಲ್ಬೊಮೈಕನ್ಸ್‌ನಲ್ಲಿ ಮೂರನೆಯ ವರ್ಣತಂತು ಲಿಂಗ ವರ್ಣತಂತುವಾಗಿ ಬದಲಾದಾಗ ಅದರ ಮೇಲಿನ ಸಾವಿರಾರು ವಂಶವಾಹಿಗಳ ಪ್ರಮಾಣದ ಸಮತೋಲನವೂ ಹೊಸದಾಗಿ ಏರ್ಪಡಬೇಕಾಗುತ್ತದೆ. ಹದವೇ ಮುಖ್ಯವಾದ ಸಂಕೇತಪಥಗಳು ಇಂಥ ಬದಲಾವಣೆಯನ್ನು ಹೇಗೆ ತಾಳಿಕೊಳ್ಳುತ್ತವೆ ಎಂಬುದನ್ನು ಪರೀಕ್ಷಿಸಲು ನಸ್ಯೂಟ, ಅಲ್ಬೊಮೈಕನ್ಸ್ ಮತ್ತು ಅವುಗಳ ಕೋಶತಳಿಗಳಿಗಿಂತ ಸೂಕ್ತವಾದ ಸಾಮಗ್ರಿ ದುರ್ಲಭ. ಮೈಸೂರಿನ ತಳಿಗಳು ಮತ್ತು ಬೆಂಗಳೂರಿನ ವಿಧಾನಗಳು ಕೂಡಬೇಕಾದ ಸ್ಥಳ ಇದು. ತಳಿಗಳು ಅಳಿದರೆ ಆ ಪ್ರಶ್ನೆಯನ್ನು ಕೇಳುವ ಅವಕಾಶವೂ ಅಳಿಯುತ್ತದೆ.

ಒಟ್ಟಾರೆಯಾಗಿ ಹೇಳುವುದಾದರೆ, ಕರ್ನಾಟಕದಲ್ಲಿ ಹಣ್ಣುನೊಣದ ಅಧ್ಯಯನವು ಎರಡು ಸ್ವತಂತ್ರ ಧಾರೆಗಳಲ್ಲಿ ಬೆಳೆದಿದೆ. ಒಂದು, ನಿಸರ್ಗದಲ್ಲಿರುವ ವೈವಿಧ್ಯವನ್ನು ಸಂಗ್ರಹಿಸಿ ವರ್ಣತಂತುಗಳ ಮೂಲಕ ಓದಿದ ಮೈಸೂರಿನ ಧಾರೆ. ಮತ್ತೊಂದು, ಒಂದೊಂದೇ ವಂಶವಾಹಿಯನ್ನು ಬದಲಿಸಿ ಸಂಕೇತಪಥಗಳನ್ನೂ ಅವು ನಿಯಂತ್ರಿಸುವ ಕೈನೇಸುಗಳನ್ನೂ ಶೋಧಿಸಿದ ಬೆಂಗಳೂರಿನ ಧಾರೆ. ಮೊದಲನೆಯದನ್ನು ಹಳೆಯದೆಂದು, ಎರಡನೆಯದನ್ನು ಆಧುನಿಕವೆಂದು ಎಣಿಸುವ ರೂಢಿ ಸರಿಯಲ್ಲವೆಂಬುದು ಮೇಲಿನ ವಿವೇಚನೆಯಿಂದ ವ್ಯಕ್ತವಾಗುತ್ತದೆ. ಶ್ರೀರಂಗಪಟ್ಟಣದಿಂದ ನಾಗಮಂಗಲದವರೆಗಿನ ಸೀಮೆಯ ಶಾಸನಗಳನ್ನು ಪರಿಷ್ಕರಿಸಿ ಪ್ರಕಟಿಸಿದ ವಿಶ್ವವಿದ್ಯಾನಿಲಯವೇ ಈ ಜೀವಂತ ದಾಖಲೆಗಳನ್ನೂ ಕಾಪಾಡಿಕೊಂಡು ಬಂದಿದೆ. ತಳಿಪಟ್ಟಿಗಳು, ಪ್ರಯೋಗ ದಿನಚರಿಗಳು, ಸೂಕ್ಷ್ಮದರ್ಶಕದ ಗಾಜುಫಲಕಗಳು ಇವನ್ನು ಇತಿಹಾಸದ ಆಕರಗಳೆಂದು ಮಾನ್ಯಮಾಡಿ, ಶಾಸನಗಳಿಗೆ ದೊರೆತ ಕ್ರಮಬದ್ಧ ಸೂಚಿಯನ್ನು ಅವುಗಳಿಗೂ ಒದಗಿಸುವುದು ಈ ದಿಶೆಯಲ್ಲಿ ಆಗಬೇಕಾದ ಮೊದಲ ಕೆಲಸವಾಗಿದೆ.